ಮಾವನ ಕಿವಿಯೂ ನನ್ನ ಷೇರುಗಳೂ

ಷೇರು ಕೊಂಡ ಮನುಷ್ಯನಿಗೆ ಕಂಪನಿಯ ಮೇಲೆ ಹುಟ್ಟುವ ಅಭಿಮಾನ ಹೆತ್ತ ಮಕ್ಕಳ ಮೇಲೂ ಹುಟ್ಟುವುದಿಲ್ಲ. ಮಗ ಗಣಿತದಲ್ಲಿ ಫೇಲಾದಾಗ ಗಣಿತದ ಮೇಷ್ಟ್ರಾದ ನಾನೇ ತೆಪ್ಪಗೆ ಒಪ್ಪಿಕೊಂಡಿದ್ದೇನೆ. ಷೇರು ಇಳಿದರೆ ಮಾತ್ರ ಮಾರುಕಟ್ಟೆಗೇ ಬುದ್ಧಿಯಿಲ್ಲ ಅನ್ನುತ್ತೇನೆ. ನನ್ನ ಕಂಪನಿ ಅಂಥಿಂಥದ್ದಲ್ಲ. ಹಾಡಿನ ಒಂದೊಂದು ವಾದ್ಯವನ್ನೂ ಬಿಡಿಸಿ ಕಿವಿಯ ಸುತ್ತ ಕೂರಿಸುವ ಹೊಸ ಡಿಜಿಟಲ್ ಫಾರ್ಮ್ಯಾಟ್ ಅದರದ್ದು. ಹೆಂಡತಿ ಫ್ರಿಜ್ಜಿಗೆಂದು ಕೂಡಿಟ್ಟದ್ದನ್ನೆಲ್ಲ ಕಾಡಿ ಬೇಡಿ ಇಸಕೊಂಡು ಅದಕ್ಕೆ ಹಾಕಿದೆ. ಅದೇ ವಾರ, ಮೂಡುಬಿದಿರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅವಳ ತಮ್ಮ ಎದುರಾಳಿ ಕಂಪನಿಯ ಷೇರು ಕೊಂಡ. ಎರಡರಲ್ಲಿ ಉಳಿಯುವುದು ಒಂದೇ ಫಾರ್ಮ್ಯಾಟ್. ನನ್ನದು ಸೋತರೆ ಬಂಟ್ವಾಳದ ನಮ್ಮ ಮನೆಗೆ ಫ್ರಿಜ್ಜಿಲ್ಲ.

ಬೇರೆಯವರಾದರೆ ಕಂಪನಿಗಳ ವರದಿ ಓದುತ್ತಿದ್ದರೇನೋ. ನಾನೂ ಭಾವಮೈದುನನೂ ದಸರಾ ರಜೆಯಲ್ಲಿ ನೆರಿಯಕ್ಕೆ ಹೊರಟೆವು. ಅಲ್ಲಿ ನನ್ನ ಮಾವ, ಅಂದರೆ ಅವನ ಅಪ್ಪ, ಇದ್ದಾರೆ, ಯಕ್ಷಗಾನ ಮೇಳದಲ್ಲಿ ಬಹುಕಾಲ ಮದ್ದಳೆ ಬಾರಿಸಿದವರು. ಅವರ ಕಿವಿಯ ತೀರ್ಪಿಗೆ ನಮ್ಮಲ್ಲಿ ಅಪೀಲಿಲ್ಲ. ಅವರೇ ಬಾರಿಸಿದ ಮೂವತ್ತು ವರ್ಷದ ಹಳೆಯ ಕ್ಯಾಸೆಟ್ಟಿನ ಪದ್ಯವೊಂದನ್ನು ನಾವು ನಮ್ಮ ನಮ್ಮ ಫಾರ್ಮ್ಯಾಟಿಗೆ ಇಳಿಸಿಕೊಂಡಿದ್ದೆವು. ಪರೀಕ್ಷೆಯ ದಿನ ಮಕ್ಕಳಿಗೆ ಹೊಟ್ಟೆನೋವು ಏಕೆ ಬರುತ್ತದೆಂದು ನನಗೆ ಬಸ್ಸಿನಲ್ಲಿ ತಿಳಿಯಿತು.

ಮೊದಲು ಭಾವಮೈದುನನದ್ದು. ಹೆಡ್‌ಫೋನ್ ಹಾಕಿಕೊಂಡ ಮಾವ ತಲೆದೂಗಿ, "ಲಾಯ್ಕುಂಟು" ಎಂದರು. ಆಮೇಲೆ ನನ್ನದು. ಮಾವ ನೆಟ್ಟಗೆ ಕೂತರು, ಮುಖ ಅರಳಿತು, ಬೆರಳುಗಳು ತೊಡೆಯ ಮೇಲೆ ಕುಣಿದವು. ನನಗೆ ಎದ್ದು ಕುಣಿಯುವಷ್ಟು ಖುಷಿ. ಇದ್ದಕ್ಕಿದ್ದಂತೆ ಬೆರಳು ನಿಂತಿತು. "ಅಲ್ಲಿ ಇನ್ನೊಮ್ಮೆ ಹಾಕಿ" ಎಂದರು. ಮೂರು ಸಲ ಕೇಳಿ ಹೆಡ್‌ಫೋನ್ ಕೆಳಗಿಟ್ಟರು.

"ನಿಮ್ಮದು ಬೇಡ ಮಾರಾಯ್ರೇ. ಇವನದ್ದೇ ಆಗ್ಬಹುದು."

ಮಾವನನ್ನು ಕಾರಣ ಕೇಳುವಷ್ಟು ಧೈರ್ಯವಂತ ಅಳಿಯ ನಾನಲ್ಲ. ವಾಪಸು ಬರುವಾಗ ಬಸ್ಸಿನಲ್ಲೇ ಫೋನ್ ತೆಗೆದು ಇದ್ದ ಷೇರನ್ನೆಲ್ಲ ಮಾರಿ ಎದುರಾಳಿಯದ್ದು ಕೊಂಡೆ. ಭಾವಮೈದುನ ಬೆಳ್ತಂಗಡಿಯಲ್ಲಿ ಇಳಿಸಿ ಗೋಳಿಬಜೆ ಕೊಡಿಸಿದ. "ಬೇಜಾರು ಮಾಡ್ಬೇಡಿ ಭಾವ, ಹೊತ್ತಿಗೆ ಸರಿಯಾಗಿ ಗೊತ್ತಾಯ್ತಲ್ಲ" ಎಂದ.

ವಾರ ಕಳೆದು ಮಾವನ ಫೋನು. "ಆ ಪದ್ಯದಲ್ಲಿ ಒಂದು ಪೆಟ್ಟು ತಪ್ಪಿದ್ದುಂಟು. ಜೊತೆಗೆ ಬಾರಿಸಿದ ಚೆಂಡೆಯವ ತಪ್ಪಿದ್ದು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ನಿಮ್ಮದರಲ್ಲಿ ಸರೀ ಕೇಳ್ತದೆ, ತಪ್ಪಿದ್ದು ನಾನೇ. ಅವತ್ತು ನಾಚಿಕೆ ಆಯ್ತು, ಅದಕ್ಕೆ ಬೇಡ ಅಂದೆ. ನಿನ್ನೆ ಅವನ ಮನೆಗೇ ಹೋಗಿ ಒಪ್ಪಿಕೊಂಡು ಬಂದೆ."

ಇಂಥ ಮಾವ ಯಾರಿಗುಂಟು?

"ಇಷ್ಟು ಸತ್ಯ ಹೇಳುವ ಕಂಪನಿ ಬೀಳ್ಲಿಕ್ಕಿಲ್ಲ. ನನಗೂ ಅದರ ಷೇರು ಸ್ವಲ್ಪ ತೆಗೆಸಿಕೊಡಿ. ನೀವು ಮಾರ್ಲಿಲ್ಲ ಅಲ್ವಾ?"

"ಎಂಥದು ಮಾವ, ಮಾರ್ತೇನಾ?" ಎಂದುಬಿಟ್ಟೆ.

ಒಂದು ಪೆಟ್ಟು ತಪ್ಪಿದ್ದನ್ನು ಒಪ್ಪಿಕೊಳ್ಳಲು ಅವರಿಗೆ ಮೂವತ್ತು ವರ್ಷ ಹಿಡಿಯಿತು. ನನಗಿನ್ನೂ ಸಮಯವಿದೆ.