ತೊಟ್ಟಿಲಿಗೆ ವಿಮಾನದಲ್ಲಿ

ಬಸ್ಸಿನಲ್ಲಿ ಓಡಾಡುವವರನ್ನು ಕಂಡರೆ ನನಗೆ ಯಾವ ತಾತ್ಸಾರವೂ ಇಲ್ಲ. ಈಗ ಇಲ್ಲ. ಆಗ ಇತ್ತು.

ನನ್ನ ತಮ್ಮ ಬಸುವಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹೆಣ್ಣು ಕೂಸು ಹುಟ್ಟಿತ್ತು. ಹೆಸರಿಡುವ ಕಾರ್ಯಕ್ರಮ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಅವನ ಹೆಂಡತಿಯ ತವರುಮನೆಯಲ್ಲಿ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲ ಮೇಲೆ ಬಗ್ಗಿ "ಕುರ್ರ್" ಎಂದು ಹೆಸರು ಹೇಳುತ್ತಾಳೆ. ಅದೇ ಹೊತ್ತಿಗೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆಂದು ಯಾರಿಗೂ ಗೊತ್ತಿಲ್ಲ. ಗುದ್ದುವ ಅವಕಾಶ ಸಿಕ್ಕಾಗ ಕಾರಣ ಕೇಳುವವರು ನಮ್ಮಲ್ಲಿ ಕಡಿಮೆ.

ಬಸುವಿಗೆ ಒಡಹುಟ್ಟಿದವಳು ನಾನೊಬ್ಬಳೇ. "ಅಕ್ಕಾ, ಹೆಸರು ನಿನ್ನ ಪಾಲಿಂದು. ನೀ ಏನ್ ಇಡ್ತೀಯೋ ಅದ" ಎಂದಿದ್ದ. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ, ಅಷ್ಟು ಸಂತೋಷವಾಗಿತ್ತು. ಹೆಸರನ್ನೂ ಆರಿಸಿದೆ. ಗಂಡನಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡೆ.

ಇದ್ದದ್ದು ಒಂದೇ ಕಂಟಕ. ಅದರ ಹೆಸರು ಕಸ್ತೂರಿ. ಬಬಲೇಶ್ವರದಲ್ಲಿರುವ ನಮ್ಮ ದೊಡ್ಡಪ್ಪನ ಮಗಳು. ಲೆಕ್ಕಕ್ಕೆ ಅವಳೂ ಕೂಸಿಗೆ ಅತ್ತೆಯೇ. "ಶೈಲಾ, ನೀ ದೂರದ ಬೆಂಗಳೂರಾಗ ಇರಾಕಿ. ಬರೂದು ತಡಾ ಆದ್ರ ಚಿಂತಿ ಮಾಡಬ್ಯಾಡವ್ವಾ, ನಾ ಅದೇನಿ" ಎಂದು ಫೋನು ಮಾಡಿ ಧೈರ್ಯ ತುಂಬಿದ್ದಳು. ಅವಳು ತುಂಬಿದ ಧೈರ್ಯದಿಂದ ನನ್ನ ನಿದ್ದೆ ಹಾರಿಹೋಯಿತು.

"ರಾತ್ರಿ ಬಸ್ಸಿಗೆ ಹೋಗೂಣು. ಹತ್ತಿ ಮಲಗಿದ್ರ ಮುಂಜಾನೆ ವಿಜಾಪುರ" ಎಂದರು ನಮ್ಮ ಯಜಮಾನರು. ಅವರು ಬ್ಯಾಂಕಿನಲ್ಲಿದ್ದಾರೆ. ಅಪಾಯವಿಲ್ಲದ ದಾರಿಯನ್ನೇ ಹೇಳಿ ಅಭ್ಯಾಸ.

"ನೀವು ಬಸ್ಸಿನಾಗ ಬರ್ರಿ. ನಾ ಮುಂಜಾನೆ ವಿಮಾನಕ್ಕ ಬರ್ತೀನಿ" ಎಂದೆ.

"ವಿಜಾಪುರಕ್ಕ ವಿಮಾನ ಎಲ್ಲೈತಿ?"

"ಬೆಳಗಾವಿಗೆ ಐತಲ್ಲ. ವಿಮಾನ ನಿಲ್ದಾಣದಿಂದ ನಗರದ ನಡುಮಧ್ಯಕ್ಕ ಅರ್ಧ ತಾಸು ಅಂತ ಫೋನಿನಾಗ ತೋರಿಸ್ತೈತಿ, ನೋಡ್ರಿ."

"ಅದು ಬೆಳಗಾವಿ ನಡುಮಧ್ಯಕ್ಕಲೇ! ಅಲ್ಲಿಂದ ವಿಜಾಪುರಕ್ಕ ಅರ್ಧ ದಿವಸ ಬೇಕು."

ನಾನು ಅವರನ್ನು ಕರುಣೆಯಿಂದ ನೋಡಿದೆ. ಬಸ್ಸು ಊರೂರಿಗೆ ನಿಲ್ಲುತ್ತದೆ, ಅದಕ್ಕೆ ಅರ್ಧ ದಿನ. ನನಗೆ ಬಸು ನಮ್ಮೂರು ಟಿಕೋಟಾದಿಂದ ಸ್ವತಂತ್ರ ಗಾಡಿ ಕಳಿಸುತ್ತಾನೆ. ಗಾಡಿ ಎಲ್ಲೂ ನಿಲ್ಲದೆ ಬಾಣದಂತೆ ಬರುತ್ತದೆ. ತೊಟ್ಟಿಲ ಕಾರ್ಯಕ್ರಮ ಮಧ್ಯಾಹ್ನ ಊಟಕ್ಕೆ ಮುಂಚೆ. ಇದಕ್ಕಿಂತ ಸುಲಭದ ಲೆಕ್ಕ ಯಾವುದಿದೆ? ಬ್ಯಾಂಕಿನವರಿಗೆ ಲೆಕ್ಕ ಕಲಿಸುವ ಪಾಳಿ ನನಗೆ ಬಂತಲ್ಲ ಎಂದು ಮರುಕಪಟ್ಟೆ.

ವಿಮಾನದ ಬಗ್ಗೆ ನನ್ನ ದೂರೇನೂ ಇಲ್ಲ. ಅದು ಹೇಳಿದ ಹೊತ್ತಿಗೆ ಎದ್ದು, ಹೇಳಿದ ಹೊತ್ತಿಗೆ ಇಳಿಯಿತು. ಆಗಬಾರದ್ದೆಲ್ಲ ಆದದ್ದು ನೆಲಕ್ಕೆ ಕಾಲಿಟ್ಟ ಮೇಲೆ.

ಬಸು ಗಾಡಿ ಕಳಿಸಿದ್ದ. ಗಾಡಿಯ ಜೊತೆ ಅರ್ಧ ಟಿಕೋಟಾವೂ ಬಂದಿತ್ತು! ನಮ್ಮ ಕಾಕಾ ಹೊಸ ರುಮಾಲು ಸುತ್ತಿಕೊಂಡು ನಿಂತಿದ್ದ. ಪಕ್ಕದಲ್ಲಿ ಅವನ ಹೆಂಡತಿ, ನಮ್ಮ ಚಿಗವ್ವ, ಕೈಯಲ್ಲಿ ಆರತಿ ತಟ್ಟೆ. ಅವಳ ಹಿಂದೆ ಅವಳ ತಂಗಿಯರು, ಅವರ ಹಿಂದೆ ನಮ್ಮ ಓಣಿಯ ಮಂದಿ. ನನ್ನ ಮೇಲಿನ ಪ್ರೀತಿಗೆ ಕಣ್ಣು ತುಂಬಿ ಬಂತು. ಆದರೆ ಅವರ್ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಗಲ ಮೇಲಿಂದ ಹಿಂದೆ ಇಣುಕುತ್ತಿದ್ದರು.

"ಇಮಾನ ಎಲ್ಲೈತಿ?" ಎಂದ ಕಾಕಾ.

"ಒಳಗೈತಿ ಕಾಕಾ."

"ಹೊರಗ ತರಂಗಿಲ್ಲೇನು?"

ಅಷ್ಟರಲ್ಲಿ ಚಿಗವ್ವ ನನ್ನನ್ನು ಹೊರಬಾಗಿಲ ನಟ್ಟನಡುವೆ ನಿಲ್ಲಿಸಿ, ರೊಟ್ಟಿ ತುಣುಕು ನಿವಾಳಿಸಿ, ಚೀಲದಿಂದ ತೆಂಗಿನಕಾಯಿ ತೆಗೆದಳು. ಕಾವಲಿನವನು ಓಡಿ ಬಂದ. "ಅವ್ವಾರ, ಇಲ್ಲಿ ಕಾಯಿ ಒಡಿಯಂಗಿಲ್ರಿ."

"ಏನಪಾ, ಅಷ್ಟ ಮ್ಯಾಲಿಂದ ಬಂದಾಳ ಹುಡುಗಿ. ಯಾವ್ಯಾವ ಗಾಳಿ ಸೋಕೈತೋ! ನೀ ಹೊಣಿ ಆಗ್ತೀಯೇನು?"

ಅವನು ಹೊಣೆಯಾಗಲು ಒಪ್ಪಲಿಲ್ಲ. ಕಾಯಿ ಒಡೆಯಲೂ ಬಿಡಲಿಲ್ಲ. ಹಿಂದೆ ಸೂಟಿನವರೆಲ್ಲ ಗಾಲಿಪೆಟ್ಟಿಗೆ ಹಿಡಿದು, ಐವತ್ತು ದಾಟಿದ ಈ ಹುಡುಗಿಯ ದೃಷ್ಟಿ ತೆಗೆದು ಮುಗಿಯಲಿ ಎಂದು ಕಾಯುತ್ತಿದ್ದರು. ಕೊನೆಗೆ ಕಾಯಿ ಒಡೆದದ್ದು ಕಾಂಪೌಂಡಿನ ಹೊರಗಿನ ಕಲ್ಲಿಗೆ.

"ನಡೀರಿ ಇನ್ನ, ತಡಾ ಆಗ್ತೈತಿ" ಎಂದೆ.

"ನಡೀರಿ ಅಂದ್ರ?" ಕಾಕಾನಿಗೆ ಸಿಟ್ಟು ಬಂತು. "ನಸುಕಿನಾಗ ಎದ್ದು ಬಂದೇವಿ. ಇಳಿಯೂದಂತೂ ಕಾಣಲಿಲ್ಲ, ಹಾರೂದಾದ್ರೂ ನೋಡಬ್ಯಾಡೇನು?"

ನೋಡಿದೆವು! ಬೇಲಿಯ ಹೊರಗಿನ ರಸ್ತೆಯಲ್ಲಿ ಸಾಲಾಗಿ ನಿಂತು, ನನ್ನನ್ನು ಇಳಿಸಿದ ವಿಮಾನ ಬೇರೆ ಮಂದಿಯನ್ನು ತುಂಬಿಕೊಂಡು ಸಾವಕಾಶ ತಿರುಗಿ ಓಡಿ ಮೇಲೇಳುವವರೆಗೂ ನೋಡಿದೆವು. ಕಾಕಾ ರುಮಾಲು ಸರಿಮಾಡಿಕೊಂಡು ಅದಕ್ಕೆ ಕೈ ಮುಗಿದ.

ಆಮೇಲೆ ಎಲ್ಲರೂ ದಬದಬನೆ ಕ್ರೂಸರ್ ಹತ್ತಿದರು. ನನ್ನನ್ನು ಕರೆದೊಯ್ಯಲು ಬಂದ ಗಾಡಿಯಲ್ಲಿ ನನಗೆ ಜಾಗ ಇರಲಿಲ್ಲ!

"ಒಬ್ಬಾಕಿ ಆಗ್ತಾಳ, ಸರೀರಿ" ಎಂದ ಗಾಡಿಯ ಮಾಲೀಕ ಹೊನವಾಡದ ರಫೀಕ. ಕ್ರೂಸರಿನಲ್ಲಿ ಯಾವತ್ತೂ ಒಬ್ಬರು ಆಗುತ್ತಾರೆ, ಅದು ಆ ಗಾಡಿಯ ಗುಣ. ಹಿಂದಿನ ಸೀಟಿನಲ್ಲಿ ಚಿಗವ್ವ ಮತ್ತು ಅವಳ ತಂಗಿಯ ನಡುವೆ ನನ್ನನ್ನು ತುರುಕಿ, ತೊಡೆಯ ಮೇಲೆ ಆರತಿ ತಟ್ಟೆ ಇಟ್ಟರು. ವಿಮಾನದಲ್ಲಿ ಅಲುಗಾಡದಂತೆ ಬೆಲ್ಟು ಕಟ್ಟಿದ್ದರು. ಇಲ್ಲಿ ಬೆಲ್ಟಿನ ಅಗತ್ಯವೇ ಬೀಳಲಿಲ್ಲ.

ಅಥಣಿ ದಾಟಿದ ಮೇಲೆ ಒಂದು ಬೇವಿನ ಮರ ಕಂಡಿತು. ಚಿಗವ್ವ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಮೊಸರು.

"ಚಿಗವ್ವಾ, ಬೀಗರ ಮನ್ಯಾಗ ಹೋಳಿಗಿ ಊಟ ಐತಿ!"

"ಐತಿ. ಹಸಗೊಂಡು ಹೋಗಿ ಬೀಗರ ಮುಂದ ಗಬಗಬ ಉಂಡ್ರ ನಮ್ಮ ಮಾನ ಉಳೀತೈತೇನು?"

ಮಾನ ಉಳಿಸಲು ಎಲ್ಲರೂ ಎರಡೆರಡು ರೊಟ್ಟಿ ತಿಂದರು. ನಾನು ಸಿಟ್ಟಿನಲ್ಲಿ ಮೂರು ತಿಂದೆ.

ಇಲ್ಲಿಯವರೆಗಿನ ತಪ್ಪನ್ನೆಲ್ಲ ಕಾಕಾ, ಚಿಗವ್ವನ ತಲೆಗೆ ಕಟ್ಟಬಹುದು. ಮುಂದಿನದಕ್ಕೆ ನನ್ನದೇ ತಲೆ ಇದೆ. ಹೊನವಾಡಕ್ಕೆ ಬಂದಾಗ ರಫೀಕ ಗಾಡಿಯನ್ನು ತನ್ನ ಮನೆಯ ಮುಂದೆ ನಿಲ್ಲಿಸಿದ. ಅವನ ತಾಯಿ ಆಗಲೇ ಬಾಗಿಲಲ್ಲಿ ನಿಂತಿದ್ದಳು.

"ಇಮಾನದಾಗ ಬಂದಾಕಿ ನಮ್ಮ ಮನಿ ಮುಂದ ಹಾಯ್ದು ಹೋದ್ಲು, ಚಹಾನೂ ಕೊಡಲಿಲ್ಲ ಅಂತ ಮಂದಿ ಅಂದಾರು. ಇಳೀಬೇ ನನ್ನವ್ವಾ, ಒಂದೀಟ ಚಹಾ!"

ನಾನು ಖಡಾಖಂಡಿತವಾಗಿ ಬೇಡ ಎನ್ನಬೇಕಿತ್ತು. ಆದರೆ ಓಣಿಯ ಮಂದಿಯೆಲ್ಲ ಗಾಡಿಯ ಸುತ್ತ ಸೇರಿತ್ತು. ಯಾರೋ ಕುರ್ಚಿ ತಂದು ಹಾಕಿದರು. ಕುರ್ಚಿ ಎಂಥವರನ್ನೂ ಕೆಡಿಸುತ್ತದೆ. ಕೂತೆ.

"ಮ್ಯಾಲಿಂದ ಏನೇನ್ ಕಾಣಸ್ತೈತ್ರಿ?" ಎಂದಳೊಬ್ಬಳು.

ಮೋಡದಿಂದ ಶುರು ಮಾಡಿದೆ. ಮೋಡ ಅರಳೆಯ ಹಾಗೆ ಇತ್ತು ಎಂದೆ. ಕಿವಿ ಹೇಗೆ ಮುಚ್ಚುತ್ತದೆ, ಹೊಟ್ಟೆ ಹೇಗೆ ಜೋಲಿ ಹೊಡೆಯುತ್ತದೆ, ಗಗನಸಖಿ ಹೇಗೆ ಕೈ ತಿರುಗಿಸುತ್ತಾಳೆ, ಎಲ್ಲವನ್ನೂ ಎದ್ದು ನಿಂತು ಮಾಡಿ ತೋರಿಸಿದೆ.

"ನಮ್ಮ ಹೊನವಾಡ ಕಾಣಿಸ್ತೇನ್ರಿ?" ಎಂದ ಒಬ್ಬ ಮುದುಕ.

ವಿಮಾನ ಹೊನವಾಡದ ದಿಕ್ಕಿಗೂ ಹೋಗಿರಲಿಲ್ಲ. "ಕಾಣ್ತು ಯಜ್ಜಾ! ದ್ರಾಕ್ಷಿ ತ್ವಾಟ ಎಲ್ಲಾ ಹಸರ ಕೌದಿ ಹಾಸಿದಂಗ ಇತ್ತು."

"ನಮ್ಮ ಬಾವಿ?"

"ಬಾವೀನೂ ಕಾಣ್ತು."

"ನೀರು ಎಷ್ಟಿತ್ರಿ?"

ನೀರಿನ ಮಟ್ಟ ಹೇಳಲು ಬಾಯಿ ತೆರೆದಿದ್ದೆ. ಫೋನು ಬಂತು. ಕಸ್ತೂರಿ!

"ಎಲ್ಲಿ ಅದೀಯವ್ವಾ? ಮೋಡದಾಗೋ, ನೆಲದಾಗೋ?"

"ಬಂದ ಬಿಟ್ಟೆ! ಸಿದ್ಧೇಶ್ವರ ಗುಡಿ ಶಿಖರ ಕಾಣಾಕತ್ತೈತಿ" ಎಂದೆ. ಬೆನ್ನ ಹಿಂದೆ ರಫೀಕನ ಎಮ್ಮೆ ದೊಡ್ಡದಾಗಿ ಕೂಗಿತು.

"ಗುಡಿ ಮುಂದ ಎಮ್ಮಿ ಕಟ್ಯಾರೇನು?" ಎಂದು ಕೇಳಿ ಕಸ್ತೂರಿ ಫೋನಿಟ್ಟಳು.

ಚಹಾದ ಬಟ್ಟಲು ಅಲ್ಲೇ ಬಿಟ್ಟು ಗಾಡಿಗೆ ಓಡಿದೆ. ಕಾಕಾ ಇನ್ನೊಂದು ಬಟ್ಟಲು ಮುಗಿಸಿಯೇ ಬಂದ.

ಟಿಕೋಟಾ ಹತ್ತಿರವಾಗುವಾಗ ಬಸುವಿನ ಫೋನು. ಹಿಂದೆ ಕೂಸು ಕಿರುಚುತ್ತಿತ್ತು. "ಅಕ್ಕಾ, ಶಿಖರ ಕಾಣಾಕತ್ತು ಭಾಳ ಹೊತ್ತಾತಲ್ಲ! ಕೂಸಿನ್ನ ಎಬಿಸಿ ಕುಂತೇವಿ. ಹಿರ್ಯಾರು ಹೊತ್ತು ಮೀರಿಸಬ್ಯಾಡ್ರಿ ಅನ್ನಾಕತ್ತಾರ. ಖರೆ ಹೇಳು, ಎಲ್ಲಿ ಅದೀ?"

"ಟಿಕೋಟಾ" ಎಂದೆ. ಧ್ವನಿ ನನಗೇ ಕೇಳಿಸಲಿಲ್ಲ.

ಬಸು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಬುದ್ಧಿ ಆಗ ಕೊನೆಯ ಸಲ ಮಿಂಚಿತು. "ಬಸೂ, ಫೋನು ಕೂಸಿನ ಕಿವಿಗೆ ಹಿಡಿ. ನಾ ಇಲ್ಲಿಂದ ಕುರ್ರ್ ಅಂತ ಹೆಸರು ಹೇಳ್ತೀನಿ!"

ಫೋನು ಅವನ ಅತ್ತೆಯ ಕೈಗೆ ಹೋಯಿತು. ಕೂಸಿನ ಅಜ್ಜಿ, ನಮಗೆ ಬೀಗತಿ. ಮಾತು ಕಡಿಮೆ, ಆಡಿದರೆ ಅದೇ ಕೊನೆ.

"ಅಲ್ರೀ ಶೈಲವ್ವಾ, ಹೆಸರು ಫೋನಿನಾಗ ಬರ್ತೈತಿ. ಬೆನ್ನು ಬರ್ತೈತೇನ್ರಿ? ನಾವು ಯಾತಕ್ಕ ಗುದ್ದೂಣು, ಫೋನಿಗೆ ಗುದ್ದೂಣೇನು?"

ಗಾಡಿಯಲ್ಲಿ ಚಿಗವ್ವ ಕೂಡ "ಖರೆ ಐತಿ, ಹಂಗ್ಯಾಂಗ ಆಗ್ತೈತಿ" ಎಂದು ಬೀಗತಿಯ ಪರ ನಿಂತಳು. ಮುಖ ಮರೆಸಲು ಕಿಟಕಿಯ ಕಡೆ ತಿರುಗೋಣವೆಂದರೆ ತಿರುಗಲು ಜಾಗವಿರಲಿಲ್ಲ.

ವಿಜಯಪುರ ಬಂತು. ಸಂತೆಗೆ ಹೋಗುವ ಮಂದಿ, ಆಟೋ, ಕೈಗಾಡಿ, ದಾರಿಯ ನಡುವೆ ಮಲಗಿದ ಆಕಳು. ಗುಡಿಯ ಹತ್ತಿರದ ಮಾರುಕಟ್ಟೆಯಲ್ಲಿ ಕ್ರೂಸರ್ ಕದಲದೆ ನಿಂತಿತು. ನಾನು ಕೆಳಗಿಳಿದು, ಗಾಲಿಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು ಓಡಿದೆ. ಈ ಸಲ ಶಿಖರ ನಿಜವಾಗಿಯೂ ಕಂಡಿತು. ನೋಡುವ ಧೈರ್ಯವಾಗಲಿಲ್ಲ.

ಬಾಗಿಲಲ್ಲಿ ನಮ್ಮ ಯಜಮಾನರು ನಿಂತಿದ್ದರು. ಸ್ನಾನವಾಗಿತ್ತು, ಗಂಡಸರ ಪಂಕ್ತಿಯಲ್ಲಿ ಊಟವಾಗಿತ್ತು, ಬಾಯಲ್ಲಿ ಎಲೆ ಅಡಿಕೆ ಇತ್ತು. ಬಸ್ಸಿನಲ್ಲಿ ಬಂದು ಒಂದು ನಿದ್ದೆಯನ್ನೂ ಮುಗಿಸಿದ್ದರಂತೆ.

"ಬಂದ್ಯಾ? ವಿಮಾನ ಎಲ್ಲಿ ನಿಲ್ಲಿಸಿದಿ?" ಎಂದರು.

ಒಳಗೆ ಕೂಸು ಹೊಸ ಹೆಸರಿನೊಂದಿಗೆ ಹಾಯಾಗಿ ಮಲಗಿತ್ತು. ಹೆಸರು ಭೂಮಿಕಾ. ಇಟ್ಟವಳು ಕಸ್ತೂರಿ. ಬಬಲೇಶ್ವರದಿಂದ ಬಸ್ಸಿನಲ್ಲಿ ಬಂದವಳಿಗೆ ಭೂಮಿಯಲ್ಲದೆ ಮತ್ತೇನು ಹೊಳೆಯಬೇಕು!

"ನೀ ಏನ್ ಇಡಾಕಿ ಇದ್ದೆವ್ವಾ?" ಎಂದು ಅವಳು ಬಹಳ ಪ್ರೀತಿಯಿಂದ ಕೇಳಿದಳು.

"ಗಗನಾ" ಎಂದೆ.

ಮನೆ ತುಂಬ ಎದ್ದ ನಗುವಿಗೆ ಕೂಸು ಎಚ್ಚರವಾಯಿತು. ನಾನು ಅದನ್ನು ಎತ್ತಿಕೊಂಡು ಅಳಲು ಶುರು ಮಾಡಿದೆ. ನಾಚಿಕೆಯಿಲ್ಲದೆ, ಎಲ್ಲರೆದುರು ಅತ್ತೆ. ನನಗೆ ಸಿಗಬೇಕಾದದ್ದು ಸಿಗಲಿಲ್ಲ, ಕಳಕೊಂಡವಳೂ ನಾನೇ.

ಬೀಗತಿಯ ಮನಸ್ಸು ಕರಗಿತು. "ಸಮಾಧಾನ ಮಾಡ್ಕೋರಿ. ಹೆಸರು ಕಸ್ತೂರಿ ಇಟ್ರೂ ಒಡಹುಟ್ಟಿದ ಅತ್ತಿ ನೀವ. ನಿಮ್ಮ ಪಾಲಿಂದು ಪೂರಾ ತಪ್ಪಬಾರದು" ಎಂದಳು. ನನ್ನ ಮುಖ ಅರಳಿತು. ಇನ್ನೊಂದು ಹೆಸರು ಇಡಬಹುದೇನೋ! "ತೊಟ್ಟಿಲ ಮ್ಯಾಲ ಬಗ್ರಿ" ಎಂದಳು. ಕೂಸನ್ನು ತೊಟ್ಟಿಲಿಗೆ ಹಾಕಿ ಬಗ್ಗಿದೆ.

ಬಿತ್ತು ಗುದ್ದು! ಊಟಕ್ಕೆ ಕಾದು ಕಾದು ಹಸಿದಿದ್ದ ಹೆಂಗಸರೆಲ್ಲ ಸರದಿಯ ಮೇಲೆ ಬಂದು ಮನಸ್ಸಿಟ್ಟು ಗುದ್ದಿದರು. ಮೊದಲಿನವಳು ಕಸ್ತೂರಿ. ಎರಡನೇ ಸಲ ಬಂದವಳೂ ಕಸ್ತೂರಿ.

ಭೂಮಿಕಾಳಿಗೆ ಈಗ ಮಾತು ಬಂದಿದೆ. ಮೊನ್ನೆ ವಿಜಯಪುರಕ್ಕೆ ಹೋದಾಗ ನನ್ನನ್ನು ಕರೆದೊಯ್ಯಲು ಬಸುವಿನ ಹೆಗಲ ಮೇಲೆ ಕೂತು ಬಸ್ ನಿಲ್ದಾಣಕ್ಕೆ ಬಂದಿದ್ದಳು. ರಾತ್ರಿ ಬಸ್ಸಿನಿಂದ ಸೆಟೆದ ಕಾಲು ನೀವಿಕೊಳ್ಳುತ್ತಾ ಇಳಿದೆ.

"ಇಮಾನತ್ತಿ ಬಂದ್ಲು!" ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದಳು. ಮನೆಯಲ್ಲಿ ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಾರಂತೆ. ಮಗು ಪಾಪ, ಅದನ್ನೇ ನನ್ನ ಹೆಸರೆಂದು ತಿಳಿದಿದೆ.

ಅವಳಿಗೆ ಹೆಸರಿಡಲು ಆಕಾಶದಿಂದ ಬಂದವಳು ನಾನು. ಕೊನೆಗೆ ಹೆಸರು ಬಿದ್ದದ್ದು ನನಗೆ. ಗುದ್ದು ಮೊದಲೇ ಬಿದ್ದಿತ್ತು.