ಗ್ಯಾರೇಜಿನಲ್ಲಿ ನೀರು ತುಂಬುವ ಹಬ್ಬ

ನರಕ ಚತುರ್ದಶಿಯ ಮುಂಜಾವಿನಲ್ಲಿ ಅಮೆರಿಕದ ಟೆಕ್ಸಾಸಿನ ಅಲೆನ್ ಊರಿನ ತಿರುಮಲ ಬಚ್ಚಲಿನ ನಲ್ಲಿ ತಿರುಗಿಸಿ ಅಂಗೈ ಒಡ್ಡಿದ. ಒಡ್ಡಿದ ಕೈಯನ್ನು ಹಾವು ಮುಟ್ಟಿದವನಂತೆ ಹಿಂದಕ್ಕೆ ಎಳೆದುಕೊಂಡ. ಬಿಸಿನೀರಿನ ನಲ್ಲಿಯಲ್ಲಿ ಕೊರೆಯುವ ತಣ್ಣೀರು ಬರುತ್ತಿತ್ತು.

ಬೇರೆ ದಿನವಾಗಿದ್ದರೆ ಸ್ನಾನವನ್ನೇ ಬಿಟ್ಟು ಪ್ಲೇನೋದ ಆಫೀಸಿಗೆ ಹೊರಟುಬಿಡುತ್ತಿದ್ದ. ಆದರೆ ಇಂದು ಅಳಿಯನ ಮೊದಲ ದೀಪಾವಳಿ. ಮಗಳು ಚಿತ್ರಾ, ಅಳಿಯ ಅವಿನಾಶ್, ಧಾರವಾಡದಿಂದ ಬಂದಿದ್ದ ಅಳಿಯನ ಅಜ್ಜಿ ಈರವ್ವ, ಮೂವರೂ ಹಿಂದಿನ ದಿನವೇ ಸೌತ್‌ಲೇಕ್‌ನಿಂದ ಬಂದು ಇಳಿದಿದ್ದರು. ಅಳಿಯ ಆಗಲೇ ತಲೆಯಿಂದ ಕಾಲಿನವರೆಗೆ ಎಣ್ಣೆ ಹಚ್ಚಿಸಿಕೊಂಡು, ಟವೆಲ್ ಸುತ್ತಿ, ಸುಡಲು ಎಣ್ಣೆ ಸವರಿಟ್ಟ ಬದನೆಕಾಯಿಯಂತೆ ಮಿರುಗುತ್ತ ಮಣೆಯ ಮೇಲೆ ಕುಳಿತಿದ್ದ.

ತಿರುಮಲ ಗಾಬರಿಯಾದದ್ದು ಅಳಿಯನನ್ನು ನೆನೆದಲ್ಲ, ಈರವ್ವನನ್ನು ನೆನೆದು. ಮೈಸೂರಿನ ಛತ್ರದಲ್ಲಿ ಮದುವೆಯ ಬೆಳಿಗ್ಗೆ ಗಂಡಿನವರಿಗೆ ಸುರಗಿ ಸ್ನಾನಕ್ಕೆ ತಣ್ಣೀರು ಸಿಕ್ಕಿತ್ತು. ಒಲೆ ಹೇಗೆ ಆರಿತೆಂದು ಇಂದಿಗೂ ಹೆಣ್ಣಿನವರಲ್ಲಿ ಯಾರಿಗೂ ತಿಳಿಯದು. ತಿರುಮಲ ಅಡುಗೆಯವರನ್ನು ಬೈದು, ಛತ್ರದ ಮ್ಯಾನೇಜರನ ಜೊತೆ ಜಗಳವಾಡಿ, ಕೊನೆಗೆ ಬೀಗರೆಲ್ಲರಿಗೂ ಕೈ ಮುಗಿದಿದ್ದ. ಅಂದಿನಿಂದ ಈರವ್ವ ಫೋನಿಗೆ ಸಿಕ್ಕಾಗಲೆಲ್ಲ, ಕ್ಷೇಮಸಮಾಚಾರ ಮುಗಿದ ಮೇಲೆ, ‘ಮೈಸೂರ ನೀರು ಭಾಳ ತಂಪು ಬಿಡ್ರಿ, ಬೀಗರ’ ಎಂದು ನಿಟ್ಟುಸಿರು ಬಿಡುತ್ತಿದ್ದರು. ಈ ಹಬ್ಬದಲ್ಲಿ ಹಬೆಯಾಡುವ ನೀರು ಹುಯ್ದು ಆ ಮಾತನ್ನು ತೊಳೆದುಹಾಕಬೇಕೆಂದು ತಿರುಮಲ ನವರಾತ್ರಿಯಿಂದಲೂ ಕಾದಿದ್ದ.

ಗ್ಯಾಸಿನ ವಾಟರ್ ಹೀಟರ್ ಇದ್ದ ಗ್ಯಾರೇಜಿಗೆ ಓಡಿದ. ಅಲ್ಲಿ ಎರಡನೆಯ ಆಘಾತ ಕಾದಿತ್ತು.

ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ಎಲ್ಲಿ ಎಂದು ಈರವ್ವ ಕೇಳಿದ್ದಕ್ಕೆ ಚಿತ್ರಾ ವಾಟರ್ ಹೀಟರನ್ನು ತೋರಿಸಿದ್ದಳು. ಆ ಆಳೆತ್ತರದ ಬಿಳಿ ಡ್ರಮ್ಮಿಗೆ ಈರವ್ವ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಅರಿಸಿನ ಕುಂಕುಮವಿಟ್ಟು, ಬುಡದಿಂದ ನೆತ್ತಿಯವರೆಗೆ ಚೆಂಡುಹೂವಿನ ಸರ ಸುತ್ತಿದ್ದರು. ಗುಂಡಿ ಎಲ್ಲಿ, ಕೊಳವೆ ಎಲ್ಲಿ, ಒಂದೂ ಕಾಣುತ್ತಿರಲಿಲ್ಲ. ಪಕ್ಕದಲ್ಲೇ ಮಡಿಸುವ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ಜಪಮಣಿ ಹಿಡಿದು ಈರವ್ವ ಕುಳಿತಿದ್ದರು.

ತಿರುಮಲ ಹೂವಿನ ಸರಕ್ಕೆ ಕೈಹಾಕಿದ.

‘ಜಳಕ ಆಗದ ಗಂಡಸರು ಪೂಜಿ ಹಂಡೆ ಮುಟ್ಟಬಾರದ್ರಿ, ಬೀಗರ.’

ಕೈ ಗಾಳಿಯಲ್ಲೇ ನಿಂತಿತು. ಹಂಡೆ ಮುಟ್ಟಲು ಸ್ನಾನವಾಗಬೇಕು. ಸ್ನಾನಕ್ಕೆ ಬಿಸಿನೀರು ಬೇಕು. ಬಿಸಿನೀರಿಗೆ ಹಂಡೆ ಮುಟ್ಟಬೇಕು. ಗ್ಯಾಸಿನ ಮೇಲೆ ಪಾತ್ರೆಯಲ್ಲಿ ಕಾಯಿಸೋಣವೆಂದರೆ, ಇಂದು ಯಾರ ತಲೆಗೆ ಬೀಳುವ ಬಿಸಿನೀರೂ ಪೂಜೆಯ ಹಂಡೆಯದೇ ಆಗಬೇಕಂತೆ. ಹೆಂಡತಿ ಪ್ರಭಾಳನ್ನು ಕೇಳೋಣವೆಂದರೆ ಅವಳು ಒಬ್ಬಟ್ಟಿನ ಹೂರಣದಲ್ಲಿ ಮೊಣಕೈವರೆಗೆ ಮುಳುಗಿದ್ದಳು.

ಅಷ್ಟರಲ್ಲಿ ನೆರೆಮನೆಯ ಭಾಸ್ಕರ ಟಾರ್ಚ್ ಹಿಡಿದು ಬಂದ. ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ಎದ್ದರೆ ತಾನೂ ಏಳುವ ಸ್ವಭಾವದವನು. ಅವನಿಗೂ ಸ್ನಾನವಾಗಿರಲಿಲ್ಲ. ಹೀಟರಿನ ಸುತ್ತ ಈರವ್ವ ಎಳೆದಿದ್ದ ರಂಗೋಲಿಯ ಗೆರೆಯಾಚೆ ನಿಂತು ಹೂವಿನ ಮೇಲೆ ಬೆಳಕು ಬಿಟ್ಟು, ಗ್ಯಾಸ್ ವಾಲ್ವ್ ಕೆಟ್ಟಿದೆ ಎಂದು ತೀರ್ಪು ಕೊಟ್ಟ. ತಿರುಮಲನಿಗೆ ನಂಬಿಕೆ ಬರಲಿಲ್ಲ. ಸರಿ, ಭಾಸ್ಕರ ಹ್ಯೂಸ್ಟನ್ನಿನ ವೆಂಕಟಗಿರಿಗೆ ವಿಡಿಯೋ ಕರೆ ಮಾಡಿದ. ತನ್ನ ಮನೆಯ ಹೀಟರನ್ನು ತಾನೇ ಬಿಚ್ಚಿ ಜೋಡಿಸಿದವನೆಂದು ವೆಂಕಟಗಿರಿಗೆ ಟೆಕ್ಸಾಸಿನ ಕನ್ನಡಿಗರಲ್ಲಿ ದೊಡ್ಡ ಹೆಸರು.

‘ಅಲಂಕಾರ ಚೆನ್ನಾಗಿದೆ ಕಣಯ್ಯ. ಹೀಟರ್ ತೋರ್ಸು.’

‘ಇದೇ ಹೀಟರ್ರು.’

ಹಾರ ಹಾಕಿಸಿಕೊಂಡು ನಿಂತದ್ದನ್ನು ಕಂಡು ವೆಂಕಟಗಿರಿಯ ದನಿ ತಗ್ಗಿತು. ಇನ್ನು ಆಸೆ ಇಟ್ಟುಕೊಳ್ಳಬೇಡಿ, ಹೊಸದು ಹಾಕಿಸಿ ಎಂದ. ಭಾಸ್ಕರ ಒಪ್ಪಲಿಲ್ಲ. ಇಬ್ಬರೂ ಇಂಗ್ಲಿಷಿನಲ್ಲಿ ವಾದಕ್ಕಿಳಿದರು. ಈರವ್ವ ಜಪಮಣಿ ತಿರುಗಿಸುತ್ತ ಒಮ್ಮೆ ಫೋನನ್ನೂ ಒಮ್ಮೆ ಭಾಸ್ಕರನನ್ನೂ ನೋಡುತ್ತಿದ್ದರು.

ಒಳಗಿನಿಂದ ಅಳಿಯನ ದನಿ ಕೇಳಿತು. ‘ಮಾವಾ, ಎಣ್ಣಿ ಒರೆಸ್ಕೊಂಡು ಅಂಗಿ ಹಾಕ್ಕೊಳ್ಳೇನ್ರಿ? ಭಾಳ ಥಂಡಿ ಆಗಾಕತ್ತದ.’

ಈರವ್ವ ನಿಟ್ಟುಸಿರು ಬಿಟ್ಟರು. ತಿರುಮಲನಿಗೆ ಅದಕ್ಕಿಂತ ಬೈಗುಳವೇ ಮೇಲೆನಿಸಿತು.

ಈ ದಿನ ಎಣ್ಣೆಯಿಲ್ಲದೆ ತಣ್ಣೀರಿನಲ್ಲಿ ಮಿಂದವನಿಗೆ ನರಕವೆಂದು ಅವನ ತಾಯಿ ಹೇಳುತ್ತಿದ್ದಳು. ಮಗಳ ತೌರಿನ ಮಾನಕ್ಕಾಗಿ ಅದೂ ಆಗಲಿ ಎಂದು, ದೇವರಿಗೆ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡು, ಬಚ್ಚಲಿಗೆ ಹೋಗಿ ತಣ್ಣೀರಿನ ಕೆಳಗೆ ನಿಂತುಬಿಟ್ಟ. ಬಾಯಿಂದ ಹೊರಟದ್ದು ಸ್ತೋತ್ರವೋ ಚೀತ್ಕಾರವೋ ಅವನಿಗೇ ತಿಳಿಯಲಿಲ್ಲ. ಒದ್ದೆ ಪಂಚೆಯಲ್ಲಿ, ಹಲ್ಲು ಕಟಕಟ ಕಡಿಯುತ್ತ ಬಂದು ಹೂವಿನ ಸರವನ್ನು ಮೆಲ್ಲನೆ ಸರಿಸಿದ.

ಕೆಳಗಿನ ಗುಂಡಿ ‘ಆಫ್’ ಎಂಬಲ್ಲಿ ನಿಂತಿತ್ತು.

ಹೀಟರ್ ಕೆಟ್ಟೇ ಇರಲಿಲ್ಲ. ಗುಂಡಿ ತಿರುಗಿಸಿ, ಅದುಮಿ ಹೊತ್ತಿಸಿದ ಕೂಡಲೇ ಒಳಗೆ ಭುಸ್ಸೆಂದು ನೀಲಿ ಉರಿ ಎದ್ದಿತು. ಭಾಸ್ಕರ ಫೋನನ್ನು ಜೇಬಿಗಿಟ್ಟು, ಮನೆಯಲ್ಲಿ ಕಾಯುತ್ತಿದ್ದಾರೆ ಎಂದು ಹೊರಟುಹೋದ.

‘ಇದನ್ನ ಆರಿಸಿದ್ದು ಯಾರು?’ ಎಂದ ತಿರುಮಲ, ಗಾಳಿಯನ್ನು ಕೇಳುವವನಂತೆ.

‘ನಾನೇ ಆರಿಸೀನಲ್ರಿ,’ ಎಂದರು ಈರವ್ವ. ‘ಪೂಜಿ ಹೊತ್ತಿನ್ಯಾಗ ಹಂಡೆ ಕೆಳಗ ಉರಿ ಇರಬಾರದು. ಮುಂಜಾನೆದ್ದು ಮನಿ ಹೆಣ್ಮಗಳು ಹಚ್ಚಬೇಕು. ಬೀಗತಿ ಈಗ ಬರ್ತಾಳ, ಆಗ ಬರ್ತಾಳ ಅಂತ ಕಾಯಾಕತ್ತೀನಿ. ನೀವು ಗಂಡಸರು ಬಂದು ಇಂಗ್ಲಿಷಿನ್ಯಾಗ ಮಂತ್ರ ಹೇಳಾಕತ್ರಿ.’

‘ಒಂದು ಮಾತು ಹೇಳಬಾರದಾಗಿತ್ತೇ, ಅಮ್ಮ?’

‘ಬೀಗರ ಮನ್ಯಾಗ ಬಾಯಿಬಿಟ್ಟು ಕೇಳೂದು ಚಂದ ಅಲ್ರಿ. ಮದಿವ್ಯಾಗೂ ಹಿಂಗ ಆತು. ಸುರಗಿ ಹಂಡೇಕ ಪೂಜಿ ಮಾಡಿ, ಉರಿ ಕೆದರಿ ಆರಿಸಿ ಬಂದೆ. ನಿಮ್ಮ ಕಡೆಯಾಕಿ ಒಬ್ಬಾಕಿನೂ ಹಚ್ಚಲಿಲ್ಲ. ನಾ ಏನು ಯಾರ ಮುಂದೂ ಆಡಲಿಲ್ಲ ಬಿಡ್ರಿ.’

ತಿರುಮಲನ ಕಟಕಟ ನಿಂತುಹೋಯಿತು. ಆ ಅಡುಗೆಯವರು, ಆ ಮ್ಯಾನೇಜರು, ತಾನು ಮುಗಿದ ಕೈಗಳು ಎಲ್ಲವೂ ಕಣ್ಣ ಮುಂದೆ ಬಂದವು. ಬಾಯಿ ತೆರೆದ. ಹೆಣ್ಣು ಕೊಟ್ಟವನೆಂಬುದು ನೆನಪಾಗಿ ಮುಚ್ಚಿದ.

ನೀರು ಕಾಯಿತು. ಅಳಿಯನಿಗೆ ಹಬೆಯಾಡುವ ಅಭ್ಯಂಜನವಾಯಿತು. ಮಗಳಿಗೆ, ಈರವ್ವನಿಗೆ, ಪ್ರಭಾಳಿಗೂ ಆಯಿತು. ಎಣ್ಣೆಯಿಲ್ಲದ ಸ್ನಾನ ಸ್ನಾನವಲ್ಲವೆಂದು ಈರವ್ವ ಹೇಳಿದ್ದರಿಂದ, ಕೊನೆಯಲ್ಲಿ ತಿರುಮಲ ಮೈಗೆಲ್ಲ ಎಣ್ಣೆ ಬಳಿಸಿಕೊಂಡು ಮಣೆಯ ಮೇಲೆ ಕುಳಿತ. ಪ್ರಭಾ ತಂಬಿಗೆ ತುಂಬಿ ಎತ್ತಿದಳು.

ನಡುಮನೆಯಲ್ಲಿ ಈರವ್ವ ಧಾರವಾಡಕ್ಕೆ ಫೋನಿನಲ್ಲಿ ಹೇಳುತ್ತಿದ್ದರು: ‘ನೀರೇನೋ ಛಲೋ ಕಾದಿತ್ತವ್ವಾ. ಆದ್ರ ಒಲಿ ಹಚ್ಚಿದಾಂವ ಬೀಗ. ಆ ಮನಿ ಹೆಂಗಸರಿಗೆ ಒಲಿ ಹಚ್ಚಾಕ ಬರೂದಿಲ್ಲ ನೋಡು.’

ಪ್ರಭಾ ಆ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಗಂಡನ ಕಡೆ ಒಮ್ಮೆ ನೋಡಿದಳು. ತಂಬಿಗೆಯನ್ನು ಒಂದೇ ಏಟಿಗೆ ಅವನ ತಲೆಯ ಮೇಲೆ ಕವುಚಿದಳು.

ಹಂಡೆಯ ಬಿಸಿನೀರು ಆಗಲೇ ಮುಗಿದಿತ್ತು. ನೀರು ಮೈಸೂರಿನದಕ್ಕಿಂತ ತಂಪಾಗಿತ್ತು.