ರಾಯಲ್ ಅಂತ ಸೇರಿಸಿಯೇ ಹೇಳಬೇಕು

ಕುವೈತ್‌ನಲ್ಲಿ ಹದಿನಾರು ವರ್ಷ ಸೆಕ್ರೆಟರಿ ಕೆಲಸ ಮಾಡಿದವಳಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಂತಿಲ್ಲ ಮಾರಾಯ್ರೆ. ಮಿರ್ಕಾಬ್‌ನಲ್ಲಿರುವ ನಮ್ಮ ಪಂಪು ಮಾರುವ ಆಫೀಸಿನಲ್ಲಿ ಕಂಪ್ಯೂಟರ್ ಆನ್ ಮಾಡಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಇಂಗ್ಲೆಂಡಿನ ಒಂದು ಊರಿನ ಹೆಸರನ್ನು ಸರಿಯಾಗಿ ಹೇಳುವುದಕ್ಕೆ ನಾವು ಪಟ್ಟ ಪಾಡು ಕೇಳಿ.

೧. ಬಿಟ್ಟುಹೋದ ಬಿರುದು

ನಮಗೆ ಪಂಪು ಕಳಿಸುವ ಕಂಪೆನಿ ಇರುವುದು ರಾಯಲ್ ಟನ್‌ಬ್ರಿಜ್ ವೆಲ್ಸ್‌ನಲ್ಲಿ. ಅಲ್ಲಿ ಔಷಧಿ ಗುಣದ ನೀರಿನ ಬುಗ್ಗೆ ಉಂಟಂತೆ. ಹಿಂದೆ ರಾಜಮನೆತನದವರು ಆ ನೀರು ಕುಡಿಯಲು ಬರುತ್ತಿದ್ದರಂತೆ. ಹಾಗಾಗಿ ಒಬ್ಬ ರಾಜ ಊರಿಗೇ ‘ರಾಯಲ್’ ಅಂತ ಬಿರುದು ಕೊಟ್ಟನಂತೆ. ಇದೆಲ್ಲ ನನಗೆಲ್ಲಿ ಗೊತ್ತು? ಬರೀ ‘ಟನ್‌ಬ್ರಿಜ್ ವೆಲ್ಸ್’ ಅಂತ ವಿಳಾಸ ಹಾಕಿ, ಪಂಪು ಯಾವಾಗ ಬರುತ್ತದೆ ಅಂತ ತುರ್ತಾಗಿ ಮೇಲ್ ಮಾಡಿದೆ. ಕಂಪೆನಿಯ ಯಜಮಾನರು, ಒಬ್ಬರು ವಯಸ್ಸಾದ ಇಂಗ್ಲಿಷ್ ದೊರೆಗಳು, ಒಂದೇ ಸಾಲು ಬರೆದರು: “ನಮ್ಮ ಊರಿನ ಹೆಸರು ರಾಯಲ್ ಟನ್‌ಬ್ರಿಜ್ ವೆಲ್ಸ್.” ಪಂಪಿನ ಸುದ್ದಿಯೇ ಇಲ್ಲ.

ಕ್ಷಮೆ ಕೇಳಿ, ರಾಯಲ್ ಸೇರಿಸಿ ಪುನಃ ಬರೆದೆ. ಹತ್ತೇ ನಿಮಿಷದಲ್ಲಿ ಬಹಳ ಮರ್ಯಾದೆಯ ಉತ್ತರ ಬಂತು. ಪಂಪು ಇನ್ನೂ ತಯಾರೇ ಆಗಿರಲಿಲ್ಲ.

೨. ಕೇಳದೆ ಕೊಟ್ಟದ್ದು

ಒಮ್ಮೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಮರುವಾರ ಇಂಗ್ಲೆಂಡಿನದೇ ಹ್ಯಾರೊಗೇಟ್‌ನ ಒಂದು ಕಂಪೆನಿಗೆ ವಾಲ್ವ್ ಬೇಕೆಂದು ಬರೆಯುವುದಿತ್ತು. ಅದೂ ಔಷಧಿ ನೀರಿನ ಹಳೇ ಊರೇ ಅಂತ ಓದಿದೆ. ಯಾವುದಕ್ಕೂ ಇರಲಿ ಅಂತ ‘ರಾಯಲ್ ಹ್ಯಾರೊಗೇಟ್’ ಅಂತ ಹಾಕಿಬಿಟ್ಟೆ.

ಉತ್ತರ ಬಂತು: “ನಿಮ್ಮ ಅಭಿಮಾನಕ್ಕೆ ಧನ್ಯವಾದ. ನಮಗೆ ಯಾವ ರಾಜನೂ ಆ ಬಿರುದು ಕೊಟ್ಟಿಲ್ಲ.”

ನಾಚಿಕೆಯಿಂದ ಮೇಲನ್ನು ಎರಡೆರಡು ಸಲ ಓದಿದೆ. ಬಿರುದು ತೆಗೆಯಿರಿ ಅಂತ ಮಾತ್ರ ಅವರು ಎಲ್ಲಿಯೂ ಬರೆದಿರಲಿಲ್ಲ.

೩. ಅಡುಗೆಮನೆಯಲ್ಲಿ ಅಭ್ಯಾಸ

ಇಷ್ಟರಲ್ಲಿ ನಗು ನಿಲ್ಲುವ ಸುದ್ದಿ ಬಂತು. ಇಂಗ್ಲೆಂಡಿನ ಪಂಪು ಮಾರುವ ನಮ್ಮ ಏಜೆನ್ಸಿಯ ಅವಧಿ ಮುಗಿಯುವುದಿತ್ತು. ರಾಯಲ್ ಟನ್‌ಬ್ರಿಜ್ ವೆಲ್ಸ್‌ನ ದೊರೆಗಳು ಖುದ್ದು ಬಂದು ನೋಡುತ್ತಾರಂತೆ. ಮನಸ್ಸಿಗೆ ಬಾರದಿದ್ದರೆ ಶುವೈಖ್‌ನ ಬೇರೆ ಕಂಪೆನಿಯವರಿಗೆ ಕೊಡುತ್ತಾರಂತೆ. ಏಜೆನ್ಸಿ ಹೋದರೆ ಆಫೀಸಿಗೆ ಬಾಗಿಲು ಹಾಕಿದ ಹಾಗೆಯೇ. ಆಫೀಸಿನ ಜೊತೆ ನನ್ನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿಯೂ ಹೋಗುತ್ತದೆ. ಮಗಳು ಹತ್ತನೇ ಕ್ಲಾಸು, ವರ್ಷದ ನಡುವೆ ಅವಳನ್ನು ಎಬ್ಬಿಸಿಕೊಂಡು ಎಲ್ಲಿಗೆ ಹೋಗುವುದು? ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮ ಕುವೈತಿ ಬಾಸ್ ಎಲ್ಲರನ್ನೂ ಸೇರಿಸಿ ಹೇಳಿದರು: “ಊರಿನ ಹೆಸರು ಪೂರ್ತಿ ಹೇಳಬೇಕು. ಯಾರಾದರೂ ರಾಯಲ್ ಬಿಟ್ಟರೆ ಖಲಾಸ್. ಯಲ್ಲಾ, ಕಲಿಯಿರಿ!”

ಮನೆಯಲ್ಲಿ ಬಂಗುಡೆ ಕೊಯ್ಯುತ್ತಾ “ವೆಲ್‌ಕಮ್ ಸರ್, ಹೌ ಈಸ್ ರಾಯಲ್ ಟನ್‌ಬ್ರಿಜ್ ವೆಲ್ಸ್?” ಅಂತ ಅಭ್ಯಾಸ ಮಾಡುತ್ತಿದ್ದೆ. ಮಗಳು ಬಾಗಿಲಲ್ಲಿ ನಿಂತು ನೋಡಿದಳು. “ಮಮ್ಮಾ, ದಿ ಫಿಶ್ ಈಸ್ ಡೆಡ್,” ಅಂದಳು.

೪. ಅಲ್ಲಿ ಎಲ್ಲಿ?

ದೊರೆಗಳು ಬಂದರು. ಆಫೀಸಿನಲ್ಲಿ ಎಲ್ಲರೂ ರಾಯಲ್ ರಾಯಲ್ ಅಂದದ್ದೇ ಅಂದದ್ದು. ಅವರ ಮುಖ ಮಾತ್ರ ಸಡಿಲಾಗಲಿಲ್ಲ. ಕೊನೆಗೆ ಸುಲೈಬಿಯಾದ ಗೋಡೌನ್ ನೋಡಲು ಹೋದೆವು. ಅಲ್ಲಿ ನಮ್ಮ ಸ್ಟೋರ್‌ಕೀಪರ್ ಇದ್ದರು, ತುಳು ಮಾತಾಡುವ ಅಣ್ಣ. ನಮ್ಮ ಕರಾವಳಿಯವರ ಅಭ್ಯಾಸ ನಿಮಗೆ ಗೊತ್ತುಂಟಲ್ಲ? ಯಾರಾದರೂ ‘ಮಂಗಳೂರು’ ಅಂದರೆ ನಮಗೆ ಸಾಕಾಗುವುದಿಲ್ಲ. ‘ಮಂಗಳೂರಲ್ಲಿ ಎಲ್ಲಿ?’ ಅಂತ ಅವರ ಮನೆ ಅಂಗಳ ಸಿಗುವವರೆಗೆ ಕೇಳುತ್ತೇವೆ.

ಅಣ್ಣ ಕೈಕುಲುಕಿ, “ಸರ್, ನಿಮ್ಮ ಮನೆ ಎಲ್ಲಿ?” ಅಂದರು.

“ರಾಯಲ್ ಟನ್‌ಬ್ರಿಜ್ ವೆಲ್ಸ್.”

“ಅದು ಗೊತ್ತುಂಟು ಸರ್. ರಾಯಲ್ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಎಲ್ಲಿ?”

ದೊರೆಗಳು ಕೆಮ್ಮಿದರು. “ಸ್ವಲ್ಪ ಹೊರಗೆ.”

“ಹೊರಗೆ ಅಂದರೆ? ಬಸ್ಸಿನಲ್ಲಿ ಎಷ್ಟು ಹೊತ್ತು?”

“ನಲ್ವತ್ತು ನಿಮಿಷ.”

“ಇಳಿದ ಮೇಲೆ ನಡೆಯಲಿಕ್ಕುಂಟಾ?”

“...ಹೊಲ ದಾಟಿ ಹತ್ತು ನಿಮಿಷ.”

ಬಾಸ್ ಮುಖ ಬಿಳುಚಿತು. ನನ್ನ ಇಕಾಮಾ ಹೋಯಿತು ಅಂತಲೇ ನಾನು ಲೆಕ್ಕ ಹಾಕಿದೆ. ಅಣ್ಣ ಮಾತ್ರ ದೊರೆಗಳ ಕೈ ಬಿಡಲಿಲ್ಲ. “ಬೇಜಾರು ಮಾಡಬೇಡಿ ಸರ್. ನಾನೂ ಎಲ್ಲರ ಹತ್ತಿರ ಮಂಗಳೂರು ಅಂತಲೇ ಹೇಳುವುದು. ಮನೆ ಇರುವುದು ಕಿನ್ನಿಗೋಳಿಯಿಂದ ಎಷ್ಟೋ ಆಚೆ. ದೂರದವರಿಗೆ ಅಷ್ಟೆಲ್ಲ ವಿವರ ಯಾಕೆ, ಅಲ್ವಾ?”

ದೊರೆಗಳು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು! ಇಷ್ಟು ವರ್ಷ ಯಾರೂ ಈ ಪ್ರಶ್ನೆ ಕೇಳಿಯೇ ಇರಲಿಲ್ಲವಂತೆ. ಇಬ್ಬರೂ ಪಂಪಿನ ಪೆಟ್ಟಿಗೆಗಳ ಮೇಲೆ ಕೂತು ಚಾ ಕುಡಿದು, ಯಾರ ಊರಿನ ಕೊನೆಯ ಬಸ್ಸು ಬೇಗ ಹೋಗುತ್ತದೆ ಅಂತ ಅರ್ಧ ಗಂಟೆ ವಾದ ಮಾಡಿದರು. ಅಲ್ಲಿಯೇ ಪೆನ್ನು ತರಿಸಿ ಇನ್ನು ಮೂರು ವರ್ಷಕ್ಕೆ ಏಜೆನ್ಸಿ ನಮಗೇ ಅಂತ ಸಹಿ ಹಾಕಿದರು. ನನಗೆ ಅಳುವೇ ಬಂತು.

ಸಹಿಯ ಕೆಳಗೆ ಮನೆಯ ವಿಳಾಸ ಬರೆಯುವ ಜಾಗ ಇತ್ತು. ದೊರೆಗಳು ಚಂದದ ಅಕ್ಷರದಲ್ಲಿ ‘ರಾಯಲ್ ಟನ್‌ಬ್ರಿಜ್ ವೆಲ್ಸ್’ ಅಂತ ಬರೆದರು. ಅಣ್ಣ ಬಗ್ಗಿ ನೋಡಿ ನನ್ನ ಕಿವಿಯಲ್ಲಿ ಹೇಳಿದರು:

“ನೋಡಿದ್ರಾ ಬಾಯಮ್ಮ, ಬರೆಯುವಾಗ ಪುನಃ ಮಂಗಳೂರೇ!”